ಮನೆ ಹೊರಟ ಶನಿವಾರ

ಜನವರಿ 9, ಸೋಮವಾರ. ಬೆಳಗ್ಗೆ 7

ಮೂರನೇ ಸಲಕ್ಕೆ ಒಲೆ ಹೊತ್ತಿತು. ಸೌದೆ ಹಸಿ. ಒಣ ಸೌದೆ ಒಳಗಿಡು ಅಂತ ನಿನ್ನೆ ಗಂಡ ನೊಲ್ಬೆರ್ತೊಗೆ ಹೇಳಿದ್ದೆ. "ಇಟ್ಟಾಯ್ತು" ಅಂದಿದ್ದ. ಇಟ್ಟಿದ್ದಾನೆ, ಸೂರಿನ ಕೆಳಗೆ, ಮಳೆ ಹೊಡೆಯುವ ಕಡೆಗೇ.

ಬ್ರೆಡ್ ಇಡೋಣ ಅಂತ ಓವನ್ ತೆಗೆದರೆ ಒಳಗೆ ಆರಿಯೆಲ್‌ನ ಬೂಟು. ಒಣಗಲಿ ಅಂತ ಅವನೇ ಇಟ್ಟದ್ದು. ಆರು ವರ್ಷ. ಬುದ್ಧಿ ಪೂರಾ ಅಪ್ಪನದು. ಮಿರ್ತಾಗೆ ಎಂಟು ತಿಂಗಳು, ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನನ್ನ ಭುಜದ ಮೇಲೆ ಅವಳ ಎರಡು ಹಲ್ಲಿನ ಗುರುತು.

"ಎಲ್ಸೀರಾ, ನನ್ನ ಚಾಕು ಎಲ್ಲಿಟ್ಟೆ?"

"ನಿನ್ನ ಕೈಯಲ್ಲಿದೆ."

ನೋಡಿಕೊಂಡ. "ಇದಲ್ಲ, ಇನ್ನೊಂದು" ಅಂದ. ಈ ಮನೆಯಲ್ಲಿರುವುದೇ ಒಂದು.

ಬರೆಯುತ್ತಿರುವುದು ದೊಡ್ಡ ಮಗಳು ಯಾಸ್ನಾಳ ಹಳೇ ಲೆಕ್ಕದ ನೋಟ್‌ಬುಕ್ಕಿನಲ್ಲಿ, ಹಿಂದಿನ ಪುಟದಿಂದ. ಮುಂದಿನ ಪುಟಗಳಲ್ಲಿ ಅವಳ ಭಾಗಾಕಾರ, ಎಲ್ಲಾ ಸರಿ. ಹತ್ತು ವರ್ಷದ ಹುಡುಗಿ. ಆದರೂ ಹೋದ ವರ್ಷ ಇಪ್ಪತ್ತಮೂರು ದಿನ ಶಾಲೆ ತಪ್ಪಿತು. ಜ್ವರವಲ್ಲ, ಸೋಮಾರಿತನವಲ್ಲ... ಉಬ್ಬರ. ಸಮುದ್ರ ಏರಿದರೆ ಹೊಳೆಯ ಬಾಯಿ ತುಂಬಿ ದಾರಿ ಮುಚ್ಚುತ್ತದೆ. ನಮ್ಮ ಮನೆ ಈಚೆ, ಶಾಲೆ ಆಚೆ. ಟೀಚರ್ ಉಲ್ದಾ ಡಿಸೆಂಬರಿನಲ್ಲೇ, ಬೇಸಿಗೆ ರಜೆ ಶುರುವಾಗುವ ಮುಂಚೆ, ಚೀಟಿ ಕಳಿಸಿದರು — ಮಾರ್ಚಿನಿಂದ ಹುಡುಗಿ ದಿನವೂ ಬರಬೇಕು, ಆಗುವುದಿಲ್ಲವಾದರೆ ಪಟ್ಟಣದ ಹಾಸ್ಟೆಲ್‌ಗೆ ಸೇರಿಸಿ. ಚೀಟಿಯ ಕೆಳಗೆ ಪಟ್ಟಿ: ಹೊದಿಕೆ ಎರಡು, ಲೋಟ ಒಂದು, ಟ್ರಂಕು ಒಂದು.

ಟ್ರಂಕು ಇದೆ. ಅಟ್ಟದ ಮೇಲೆ. ನನ್ನದೇ. ನನ್ನನ್ನು ಎಂಟು ವರ್ಷಕ್ಕೇ ಹಾಕಿದ್ದರು. ನನ್ನ ಹೊದಿಕೆಯ ಮೇಲೆ ಹೆಸರು ಹೊಲಿದಿರಲಿಲ್ಲ, 31 ಅಂತ ಹೊಲಿದಿತ್ತು. ಮೊದಲ ವರ್ಷ ಆ ಹೊದಿಕೆಯೊಳಗೆ ಎಷ್ಟು ಅತ್ತೆ ಅಂತ ಯಾರಿಗೂ ಹೇಳಿಲ್ಲ. ಯಾಸ್ನಾಳನ್ನು ಕಳಿಸುವುದಿಲ್ಲ.

ಜನವರಿ 11, ಬುಧವಾರ

ಹೇಳಿಯೇಬಿಟ್ಟೆ. ಆಲೂಗಡ್ಡೆ ಸುಲಿಯುತ್ತಾ, ಮುಖ ಎತ್ತದೆ.

"ಮಾರ್ಚಿನೊಳಗೆ ಮನೆ ಸಾಗಿಸ್ಬೇಕು. ಅಮ್ಮ ಬಿಟ್ಟುಹೋದ ಹೊಲಕ್ಕೆ. ಶಾಲೆ ಬೇಲಿ ಪಕ್ಕಕ್ಕೆ."

"ಯಾವ ಮನೆ?"

"ನಮಗೆ ಎಷ್ಟು ಮನೆ ಇದೆ?"

ಬಲೆ ಹೊಲಿಯುತ್ತಿದ್ದವನು ಸೂಜಿ ಕೆಳಗಿಟ್ಟ. ತಾತ ಕಟ್ಟಿದ ಮನೆಯಂತೆ. ತಾತನ ಮರವಂತೆ. ದೋಣಿ ಇರುವುದು ಇಲ್ಲಂತೆ. ತಾನು ಸೇತುವೆ ಕಟ್ಟುತ್ತಾನಂತೆ. ಸೇತುವೆಯ ಮಾತು ಮೂರು ವರ್ಷದಿಂದ ಇದೆ. ಹೊಳೆಯಲ್ಲಿ ಎರಡು ಕಂಬ ನಿಂತಿವೆ, ಒಂದೊಂದರ ಮೇಲೆ ಒಂದೊಂದು ನೀರುಕಾಗೆ ಕೂರುತ್ತದೆ. ಇಲ್ಲಿಯವರೆಗೆ ಆ ಸೇತುವೆಯಿಂದ ಉಪಕಾರವಾದದ್ದು ಅವೆರಡಕ್ಕೇ.

"ನಿನ್ನ ಸೋದರತ್ತೆ ಮನೆ ಎರಡು ಸಲ ಊರು ಬದಲಾಯಿಸ್ತು. ನಿನಗಿಂತ ಚೆನ್ನಾಗಿ ನಡೀತು" ಅಂದೆ.

ಮನೆ ನಡೆಯುವುದಿಲ್ಲ ಅಂತ ಅವನೂ ಹೇಳಲಾರ. ಈ ಚಿಲೊಯೆ ದ್ವೀಪದಲ್ಲಿ ಮರದ ಮನೆಗಳು ನಡೆಯುತ್ತವೆ. ಅಡಿಗೆ ಎರಡು ಜಾರುದಿಮ್ಮಿ, ಮುಂದೆ ಹಗ್ಗ, ಹಗ್ಗಕ್ಕೆ ಊರಿನ ಎತ್ತುಗಳು. ಅದಕ್ಕೆ ಮಿಂಗಾ ಕರೆಯಬೇಕು. ಅಂದರೆ ಒಂದೊಂದು ಮನೆಯ ಬಾಗಿಲಿಗೂ ಹೋಗಿ, ಕೂತು, ಬಾಯಿಬಿಟ್ಟು ಬೇಡಬೇಕು. ಫೋನು ನಡೆಯುವುದಿಲ್ಲ, ಮಕ್ಕಳ ಕೈಲಿ ಹೇಳಿಕಳಿಸುವುದು ನಡೆಯುವುದಿಲ್ಲ. ಬಂದವರಿಗೆ ಕೂಲಿ ಇಲ್ಲ, ಊಟ ಇದೆ. ನಾಳೆ ಅವರು ಕರೆದರೆ ನಾವು ಹೋಗುವುದು.

ಅಸಲು ವಿಷಯ ಅಲ್ಲಿದೆ. ಹೊಲಕ್ಕೆ ಹೋಗುವ ದಿಬ್ಬ ಹತ್ತಿಸಬಲ್ಲ ಎತ್ತುಗಳು, ಊರೆಲ್ಲ ಮರ್ಯಾದೆಯಿಂದ ‘ದೋನ್’ ಅನ್ನುವ ಅಬ್ದೋನ್ ಹತ್ತಿರ ಮಾತ್ರ ಇರುವುದು. ಎಂಟು ವರ್ಷದ ಹಿಂದೆ ಒಂದು ಮಿಂಗಾದಲ್ಲಿ, ಊರೆಲ್ಲ ಕೂತು ಉಣ್ಣುತ್ತಿದ್ದಾಗ, ನನ್ನ ಗಂಡ ಹೇಳಿದ: "ಅಬ್ದೋನ್ ಎತ್ತುಗಳು ಶವಯಾತ್ರೆಗೆ ಹೇಳಿಮಾಡ್ಸಿದ್ದು." ಎಲ್ಲರೂ ನಕ್ಕರು. ಅಬ್ದೋನ್ ನಗಲಿಲ್ಲ. ಅಂದಿನಿಂದ ಮಾತಿಲ್ಲ. ನನ್ನಮ್ಮನ ಹೊಲ ಇರುವುದು ಅವನ ಹುಲ್ಲುಗಾವಲಿನ ಎದುರಿಗೇ.

"ಯಾರ ಬಾಗಿಲಿಗಾದ್ರೂ ಹೋಗ್ತೀನಿ. ಆ ಬಾಗಿಲಿಗೆ ಮಾತ್ರ ಇಲ್ಲ."

"ಹಾಗಾದ್ರೆ ಮಗಳನ್ನ ಹಾಸ್ಟೆಲ್‌ಗೆ ಕಳ್ಸು. ನೀನೇ ಕರ್ಕೊಂಡು ಹೋಗಿ ಬಿಟ್ಟು ಬಾ. ವಾಪಸ್ ಬರುವಾಗ ಹಿಂತಿರುಗಿ ನೋಡ್ಬೇಡ."

ಅವನು ಎದ್ದು ದೋಣಿಯ ಹತ್ತಿರ ಹೋದ. ಆಲೂಗಡ್ಡೆ ಹೆಚ್ಚೇ ಸುಲಿದಿದ್ದೆ, ರಾತ್ರಿಗೂ ಅದೇ ಆಯಿತು.

ಜನವರಿ 14, ಶನಿವಾರ

ಇಂದಿನಿಂದ ಮಾತು ಬಂದ್. ಶುರು ಮಾಡಿದ್ದು ಅವನು. ನಾನು ಮುಂದುವರಿಸಿದೆ ಅಷ್ಟೆ.

ಜನವರಿ 17, ಮಂಗಳವಾರ

ಮನೆಯಲ್ಲಿ ಅಂಚೆ ಕಚೇರಿ ತೆರೆದಿದೆ. ಪೋಸ್ಟ್‌ಮಾಸ್ಟರ್ ಯಾಸ್ನಾ.

"ನಿಮ್ಮಪ್ಪಂಗೆ ಹೇಳು, ಸೂಪು ಆರ್ತಿದೆ ಅಂತ."

"ಅಪ್ಪ ಇಲ್ಲೇ ಕೂತಿದಾರಲ್ಲಮ್ಮ. ಕೈ ಚಾಚಿದ್ರೆ ಸಿಗ್ತಾರೆ."

"ನಾನು ಕೇಳಿದ್ದು ಎಲ್ಲಿ ಕೂತಿದಾರೆ ಅಂತಲ್ಲ."

"ಅಪ್ಪಾ, ಸೂಪು ಆರ್ತಿದೆಯಂತೆ."

"ನಿಮ್ಮಮ್ಮಂಗೆ ಹೇಳು, ಉಪ್ಪು ಮರ್ತಿದಾಳೆ ಅಂತ."

"ಅಮ್ಮಾ, ಸೂಪು ತುಂಬಾ ಚೆನ್ನಾಗಿದೆಯಂತೆ."

ಉಪ್ಪು ಮರೆತದ್ದು ನನಗೂ ಗೊತ್ತಿತ್ತು. ಸಾಯಂಕಾಲ ಪೋಸ್ಟ್‌ಮಾಸ್ಟರ್ ಷರತ್ತು ಹಾಕಿದಳು: ದಿನಕ್ಕೆ ಹತ್ತು ಸಂದೇಶ ದಾಟಿದರೆ ಅವಳು ಪಾತ್ರೆ ತೊಳೆಯುವುದಿಲ್ಲ, ಹೆಚ್ಚು ಕಳಿಸಿದವರು ತೊಳೆಯಬೇಕು. ಇಂದು ನಾನು ಹನ್ನೆರಡು, ಅವನು ಒಂಬತ್ತು. ತೊಳೆದೆ. ಅವನು ಹಿಂದೆ ಕೂತು ಸಿಳ್ಳೆ ಹಾಕುತ್ತಿದ್ದ.

ಜನವರಿ 20, ಶುಕ್ರವಾರ

ಮೂರನೇ ಕಂಬ ನೆಟ್ಟ. ಇಡೀ ದಿನ ಸೊಂಟದವರೆಗಿನ ನೀರಿನಲ್ಲಿ. ಸಂಜೆ ಉಬ್ಬರ ಬಂತು, ಕಂಬ ಹೋಯಿತು. ಅರ್ಧ ಗಂಟೆಯಲ್ಲಿ ಆರಿಯೆಲ್ ಅದನ್ನು ದಡದಲ್ಲಿ ಎಳೆದುಕೊಂಡು ಬಂದ. "ಅಪ್ಪಾ, ನಿನ್ನ ಸೇತುವೆ ಸಿಕ್ತು."

ನೊಲ್ಬೆರ್ತೊನ ಮುಖ ನೋಡಿದೆ. ನಗು ಬಂತು, ತಕ್ಷಣ ಅಯ್ಯೋ ಅನ್ನಿಸಿತು. ಅವನಿಗೂ ಯಾಸ್ನಾಳನ್ನು ಕಳಿಸಲು ಮನಸ್ಸಿಲ್ಲ, ಅದು ಗೊತ್ತು. ಬೇರೆಯವರ ಮುಂದೆ ತಲೆ ಬಗ್ಗಿಸುವುದಕ್ಕಿಂತ ಸಮುದ್ರದ ಜೊತೆ ಗುದ್ದಾಡುವುದೇ ಅವನಿಗೆ ಸುಲಭ.

ಒಣ ಷರಟು ಕುರ್ಚಿಯ ಮೇಲಿಟ್ಟೆ. ಸಂದೇಶ ಕಳಿಸಲಿಲ್ಲ. ಕಳಿಸಿದರೆ ಲೆಕ್ಕಕ್ಕೆ ಬರುತ್ತದೆ.

ಜನವರಿ 27, ಶುಕ್ರವಾರ

ಒಂದು ವಾರ ಬರೆದಿಲ್ಲ. ಮಿರ್ತಾಳ ಮೇಲಿನ ಹಲ್ಲು. ಐದು ರಾತ್ರಿ ಇಬ್ಬರೂ ಸರದಿಯಲ್ಲಿ ಎತ್ತಿಕೊಂಡು ತಿರುಗಿದೆವು, ಮಾತಿಲ್ಲದೆ, ಮೂಟೆ ಕೈ ಬದಲಾಯಿಸುವ ಹಮಾಲರ ಥರ. ಆರನೇ ದಿನ ಹಲ್ಲು ಬಂತು.

ನಿನ್ನೆ, ಇವತ್ತು ಬೇಡಲು ಹೋಗಿದ್ದೆ. ಒಬ್ಬಳೇ. ಗಂಡನಿಗೆ ಗೊತ್ತಿಲ್ಲ. ಆರಿಯೆಲ್‌ನನ್ನು ಯಾಸ್ನಾಗೆ ಒಪ್ಪಿಸಿ, ಮಿರ್ತಾಳನ್ನು ಬೆನ್ನಿಗೆ ಕಟ್ಟಿಕೊಂಡು, ರಸ್ತೆಯುದ್ದಕ್ಕೂ ನಡೆದುಕೊಂಡೇ. ಪ್ರತಿ ಮನೆಯಲ್ಲೂ ಕೂರಬೇಕು. ಯೆರ್ಬಾ ಕಷಾಯ ಕುಡಿಯಬೇಕು. ಮಳೆ, ಆಲೂಗಡ್ಡೆ, ಯಾರ ಮಂಡಿನೋವು ಹೇಗಿದೆ. ಆಮೇಲೆ ಮಾತು. ಎರಡು ದಿನಕ್ಕೆ ಹದಿನಾಲ್ಕು ಲೋಟ ಕಷಾಯ, ಏಳು ಜೋಡಿ ಎತ್ತು. ಫೆಬ್ರವರಿ 18, ಶನಿವಾರ. ಯಾರೂ ಇಲ್ಲ ಅನ್ನಲಿಲ್ಲ.

ಕೊನೆಗೆ ಅಬ್ದೋನ್. ಬಾಗಿಲಲ್ಲೇ ನಿಂತಿದ್ದ.

"ನಿನ್ನ ಗಂಡ ಎಲ್ಲಿ?"

"ಕಾಲು ಉಳುಕಿದೆ."

"ನಿನ್ನೆ ಹಂದಿ ಹಿಂದೆ ಓಡ್ತಿದ್ನಲ್ಲ, ನೋಡ್ದೆ."

ಸುಳ್ಳು ಅಲ್ಲೇ ಬಿಟ್ಟೆ. ಹುಡುಗಿಯ ವಿಷಯ ಹೇಳಿದೆ. ಹೊದಿಕೆಯ ವಿಷಯವನ್ನೂ ಹೇಳಿದೆ, ಯಾಕೋ ಬಾಯಿಗೆ ಬಂತು. ಅವನು ತುಂಬ ಹೊತ್ತು ಮಿರ್ತಾಳ ಬೆರಳು ಹಿಡಿದುಕೊಂಡಿದ್ದ. ಅವಳು ಕಚ್ಚಿದಳು. ಬಿಡಿಸಿಕೊಳ್ಳಲಿಲ್ಲ.

"ನಿನ್ನ ಮೇಲೆ ಬೇಜಾರಿಲ್ಲಮ್ಮ. ಆದ್ರೆ ನನ್ನ ಎತ್ತುಗಳನ್ನ ಆಡ್ಕೊಂಡೋನು ನೀನಲ್ವಲ್ಲ. ಅವನು ಬರ್ಲಿ."

ಅವನು ಬರುವುದಿಲ್ಲ. ಏಳು ಜೋಡಿಗೆ ದಿಬ್ಬ ಹತ್ತುವುದಿಲ್ಲ. ದಾರಿಯಲ್ಲಿ ಕೂತು ಅತ್ತೆ. ಎದ್ದೆ. ಮೂರು ಮೂಟೆ ಹಿಟ್ಟು ಹೇಳಿಬಂದೆ, ಹತ್ತಿದರೂ ಹತ್ತದಿದ್ದರೂ ಬಂದವರು ಉಣ್ಣಬೇಕಲ್ಲ.

ಫೆಬ್ರವರಿ 1, ಬುಧವಾರ

ವಿಚಿತ್ರ. ನೊಲ್ಬೆರ್ತೊ ಬುಧವಾರದ ದಿನ ಗಡ್ಡ ಹೆರೆದುಕೊಂಡ. ಮದುವೆಯ ಷರಟು ಹಾಕಿಕೊಂಡ. ಗುಂಡಿ ಹೊಟ್ಟೆಯ ಹತ್ತಿರ ಸೇರಲಿಲ್ಲ, ಮೇಲೆ ಸ್ವೆಟರ್ ಎಳೆದುಕೊಂಡು ಹೊರಟ.

"ಎಲ್ಲಿಗೆ ಅಂತ ಕೇಳು ನಿಮ್ಮಪ್ಪನ್ನ."

"ಕೇಳ್ದೆ. ಗಾಳಿ ತಗೊಳ್ಳೋಕಂತೆ."

ಗಾಳಿ ತೆಗೆದುಕೊಳ್ಳಲು ಮದುವೆಯ ಷರಟು. ಸಂಜೆ ಬಂದ, ಸೇಬಿನ ಹೆಂಡ ಚಿಚಾದ ವಾಸನೆ ಹೊಡೆಯುತ್ತಾ, ಮಂಡಿಯ ಮೇಲೆ ಸೆಗಣಿ. ಬಂದವನೇ ಆರಿಯೆಲ್‌ನನ್ನು ಭುಜಕ್ಕೆ ಹತ್ತಿಸಿಕೊಂಡು ಕುಣಿಸಿದ. ಮನೆಯಲ್ಲಿ ಬೆಂಕಿ ಬಿದ್ದಿದೆ, ಇವನಿಗೆ ಕುಣಿತ.

ಯಾಸ್ನಾಗೆ ಏನೋ ಗೊತ್ತಿದೆ. ಬಾಯಿ ಬಿಡಿಸಲು ನೋಡಿದೆ. "ಅಂಚೆಯವ್ರು ಬೇರೆಯವ್ರ ಕಾಗ್ದ ಒಡೆಯಲ್ಲಮ್ಮ" ಅಂದಳು.

ಫೆಬ್ರವರಿ 3, ಶುಕ್ರವಾರ

ಕಾಡಿನಿಂದ ಎರಡು ಉದ್ದನೆಯ ದಿಮ್ಮಿ ಎಳೆದು ತಂದಿದ್ದಾನೆ. ತೊಗಟೆ ಕೆತ್ತುತ್ತಿದ್ದಾನೆ. ಮತ್ತೆ ಸೇತುವೆ. "ನೀರುಕಾಗೆಗಳಿಗೆ ಮಂಚ ಮಾಡ್ತಿದೀಯಾ ಅಂತ ಕೇಳು" ಅಂದೆ. ಯಾಸ್ನಾ ಕೇಳಿದಳು. ಅವನು ನಕ್ಕ. ಆ ನಗು ನನಗೆ ಸರಿ ಕಾಣಲಿಲ್ಲ.

ಮಧ್ಯಾಹ್ನ ಅಟ್ಟ ಹತ್ತಿದೆ. ಟ್ರಂಕು ಇಲ್ಲ. ಆಗಲೇ ತೆಗೆದಿಟ್ಟಿದ್ದಾನೆ, ಹುಡುಗಿಯ ಬಟ್ಟೆ ತುಂಬಲು. ಹುಡುಕಿಕೊಂಡು ಕೊಟ್ಟಿಗೆಗೆ ಹೋದೆ. ಮೂಲೆಯಲ್ಲಿತ್ತು, ಮುಚ್ಚಳ ತೆಗೆದು. ಒಳಗೆ ಹುಲ್ಲು. ಹುಲ್ಲಿನ ಮೇಲೆ ಬೂದು ಕೋಳಿ. ಕೋಳಿಯ ಕೆಳಗೆ ಹನ್ನೊಂದು ಮೊಟ್ಟೆ.

ಬಾಗಿಲಲ್ಲಿ ನೊಲ್ಬೆರ್ತೊ ನಿಂತಿದ್ದ. ನನಗಲ್ಲ, ಪಕ್ಕದಲ್ಲಿದ್ದ ಆರಿಯೆಲ್‌ಗೆ ಹೇಳಿದ: "ನಿಮ್ಮಮ್ಮಂಗೆ ಹೇಳಪ್ಪ, ಕೋಳಿ ಬುಧವಾರದಿಂದ ಕಾವಿಗೆ ಕೂತಿದೆ. ಇಪ್ಪತ್ತೊಂದು ದಿನ ಆ ಟ್ರಂಕು ಯಾರೂ ಮುಟ್ಟೋ ಹಾಗಿಲ್ಲ. ಎಲ್ಲಿಗೂ ಕಳ್ಸೋ ಹಾಗಿಲ್ಲ."

ಆರಿಯೆಲ್ ನನಗೆ ಹೇಳಿದ: "ಅಮ್ಮಾ, ಕೋಳಿ ಹಾಸ್ಟೆಲ್‌ಗೆ ಹೋಗಲ್ವಂತೆ."

ಬೇಲಿಯ ಹತ್ತಿರ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಒಣಗಿಸಿದೆ.

ಫೆಬ್ರವರಿ 9, ಗುರುವಾರ. ಮಧ್ಯಾಹ್ನ 2

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ.

ಹತ್ತು ಗಂಟೆಗೆ ಕೊಲ್ಲಿಯ ಆಚೆ ದಡದ ಒತಿಲಿಯಾ ದೋಣಿಯಿಂದ ಇಳಿದಳು. ಒಂದು ಮೂಟೆ ಆಲೂಗಡ್ಡೆ, ಎರಡು ತುರಿಯುವ ಮಣೆ.

"ಮಿಲ್ಕಾವೊ ರೊಟ್ಟಿಗೆ ಇವತ್ತೇ ತುರಿದಿಡೋಣ ಅಂತ ಬಂದೆ. ನಾಡಿದ್ದು ಎಷ್ಟು ಜನ?"

"ನಾಡಿದ್ದಾ? ಅದರ ಮುಂದಿನ ಶನಿವಾರ ಅಲ್ವಾ? ಮತ್ತೆ... ನಿನಗೆ ಯಾರು ಹೇಳಿದ್ದು? ನಾನು ಆಚೆ ದಡಕ್ಕೆ ಬಂದೇ ಇಲ್ಲ."

"ನಿನ್ನ ಗಂಡ. ಹೋದ ವಾರ ಬುಧವಾರ ದೋಣೀಲಿ ಬಂದು ಬಾಗಿಲು ಬಾಗಿಲಿಗೂ ಬೇಡ್ಕೊಂಡು ಹೋದ, ಹನ್ನೊಂದಕ್ಕೆ ಬನ್ನಿ ಅಂತ. ಮದುವೆ ಷರ್ಟ್ ಹಾಕ್ಕೊಂಡು."

ಬಗ್ಗಿ ದಿಮ್ಮಿ ಕೆತ್ತುತ್ತಿದ್ದವನ ಹತ್ತಿರ ಹೋದೆ. ಇಪ್ಪತ್ತಾರು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು:

"ನಿನಗೆ ತಲೆ ಇದೆಯಾ?"

"ಇದೆ. ಯಾಕೆ?"

"ನಾಡಿದ್ದು ಮಿಂಗಾನಾ? ಊಟ ಯಾರು ಮಾಡ್ತಾರೆ, ನಿನ್ನ ನೀರುಕಾಗೆನಾ?"

"ಶುಕ್ರವಾರ ಬೆಳಗ್ಗೆ ನಿನಗೆ ಹೇಳೋಣ ಅಂತಿದ್ದೆ. ಖುಷಿ ಆಗ್ಲಿ ಅಂತ."

"ಒಂದು ದಿನದಲ್ಲಿ ನಲವತ್ತು ಜನಕ್ಕೆ ಅಡುಗೆ. ತುಂಬಾ ಖುಷಿ. ನಾನು ಏಳು ಜೋಡಿಗೆ ಹದಿನೆಂಟಕ್ಕೆ ಬನ್ನಿ ಅಂದಿದೀನಿ."

ಅವನ ಕೈಯಿಂದ ಕೊಡಲಿ ಜಾರಿತು. "ನೀನೂ ಬೇಡೋಕೆ ಹೋಗಿದ್ಯಾ?"

"ಮತ್ತಿನ್ಯಾರು ಹೋಗ್ಬೇಕು?"

"ನನಗೆ ಯಾವಾಗ ಹೇಳ್ತಿದ್ದೆ?"

"ಹದಿನೇಳಕ್ಕೆ."

ಒತಿಲಿಯಾ ಅಲ್ಲೇ ಮಣೆ ಹಿಡಿದು ನಿಂತಿದ್ದಳು. "ಚಿಲೊಯೆಯಲ್ಲಿ ಒಂದು ಮನೆಗೆ ಎರಡು ಮಿಂಗಾ ಕರೆದೋರು ನೀವೇ ಮೊದಲು" ಅಂದಳು.

ಅವನು ನಡೆದದ್ದೆಲ್ಲ ಹೇಳಿದ. ನಾನು ರಸ್ತೆಯ ಕಡೆ ನಡೆದು ಹೋಗಿದ್ದೆ, ಅವನು ದೋಣಿಯಲ್ಲಿ ಆಚೆ ದಡಕ್ಕೆ. ಒಬ್ಬರ ಹೆಜ್ಜೆ ಇನ್ನೊಬ್ಬರು ತುಳಿಯಲೇ ಇಲ್ಲ. ಅವನದು ಒಂಬತ್ತು ಜೋಡಿ. ಆ ದಿಮ್ಮಿಗಳು ಸೇತುವೆಗಲ್ಲ, ಮನೆಯ ಅಡಿಗೆ. ಹನ್ನೊಂದೇ ಯಾಕೆಂದರೆ ಅಂದು ಬೆಳಗ್ಗೆ ಪೂರಾ ಇಳಿತ, ಮರಳಿನ ಮೇಲೆ ಮನೆ ಎಳೆಯಬಹುದು. ಹದಿನೆಂಟಕ್ಕೆ ಅದೇ ಹೊತ್ತಿಗೆ ಉಬ್ಬರ. ಉಬ್ಬರ ನೋಡಿಯೇ ಇರಲಿಲ್ಲ ನಾನು. ಅವನು ಸರಿ. ಇದನ್ನು ಇಲ್ಲಿ ಬರೆದಿದ್ದೇನೆ, ಅವನಿಗೆ ಹೇಳುವುದಿಲ್ಲ.

ನನ್ನ ಏಳು ಮನೆಗೆ ಈಗ ದಿನ ಬದಲಾಯಿಸಿ ಹೇಳಬೇಕು. ಇಬ್ಬರೂ ಓಡುತ್ತಿದ್ದೇವೆ.

ಅದೇ ದಿನ. ಸಂಜೆ

ಏಳೂ ಮನೆ ಆಯಿತು. "ಹದಿನೆಂಟಾದ್ರೇನು, ಹನ್ನೊಂದಾದ್ರೇನು, ಎತ್ತಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ" ಅಂದರು.

ಕೊನೆಗೆ ಅಬ್ದೋನ್ ಬಾಗಿಲಿಗೆ ಒಬ್ಬಳೇ ಹೋದೆ. ಇನ್ನೊಮ್ಮೆ ಬೇಡೋಣ ಅಂತ. ಬಾಯಿ ತೆರೆಯುವ ಮುಂಚೆ ಅವನೇ ಅಂದ, "ಹನ್ನೊಂದಕ್ಕೆ ಅಲ್ವಾ? ನಿನ್ನ ಗಂಡ ಬಂದಿದ್ನಲ್ಲ. ನೀನೇ ಕಳ್ಸಿದ್ದು ಅಂದ್ಕೊಂಡೆ."

ನೊಲ್ಬೆರ್ತೊ ಹೋಗಿದ್ದ. ಯಾರೂ ಹೇಳದೆ. ಕ್ಷಮೆ ಕೇಳಿದನಂತೆ. ಅಬ್ದೋನ್ ಅಂದನಂತೆ, "ನನ್ನನ್ನ ಯಾಕೆ ಕೇಳ್ತೀಯಾ? ನೀನು ಬೈದಿದ್ದು ಎತ್ತುಗಳನ್ನ." ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಕ್ಲಾವೆಲ್, ಲುಸೇರೊ ಎರಡರ ಮುಂದೆಯೂ ನಿಲ್ಲಿಸಿದ. ನನ್ನ ಗಂಡ ಟೋಪಿ ತೆಗೆದ. ಕ್ಲಾವೆಲ್ ಒಪ್ಪಿತು. ಲುಸೇರೊ ಮುಖ ತಿರುಗಿಸಿಕೊಂಡಿತು. ಆ ಕಡೆ ಸುತ್ತಿ ಹೋಗಿ ಮಂಡಿಯೂರಿ ಇನ್ನೊಂದು ಸಲ ಕೇಳಬೇಕಾಯಿತು. ಆಮೇಲೆ ಅಬ್ದೋನ್ ಚಿಚಾ ಕೊಟ್ಟ.

ದಾರಿಯುದ್ದಕ್ಕೂ ನಕ್ಕೆ. ಮದುವೆಯ ಷರಟು, ಸೆಗಣಿ ಮಂಡಿ. ಹೊಳೆಯ ಹತ್ತಿರ ಬರುವಷ್ಟರಲ್ಲಿ ನಗು ಅಳುವಾಗಿತ್ತು. ಈ ಮನುಷ್ಯನನ್ನು ಇಪ್ಪತ್ತಾರು ದಿನ ಬೈದೆ.

ಫೆಬ್ರವರಿ 10, ಶುಕ್ರವಾರ

ಮಾತು ಶುರುವಾಗಿದೆ, ಅಂದಮೇಲೆ ಜಗಳವೂ ಶುರುವಾಗಿದೆ. ಈಗಿನ ಜಗಳ ಅಡುಗೆಮನೆಯ ಕಿಟಕಿಯದು. ಹೊಸ ಜಾಗದಲ್ಲಿ ಅದು ಯಾವ ಕಡೆಗೆ?

"ಸಮುದ್ರದ ಕಡೆಗೆ. ದೋಣಿ ಕಾಣ್ಬೇಕು."

"ಶಾಲೆ ಕಡೆಗೆ. ಮಕ್ಕಳು ಕಾಣ್ಬೇಕು."

"ಮಕ್ಕಳು ಮನೆಗೆ ಬಂದಾಗ ಕಾಣ್ತಾರೆ."

"ದೋಣಿನೂ ನೀನು ಹತ್ತಿದಾಗ ಕಾಣತ್ತೆ."

ಮನೆ ಬಂದು ಕೂರುವ ಜಾಗಕ್ಕೆ ಅವನು ನಾಲ್ಕು ಗೂಟ ಹೊಡೆದು ಬಂದಿದ್ದಾನೆ. ಸಮುದ್ರದ ಕಡೆಗೆ ಅಂತ ಬೇರೆ ಹೇಳಬೇಕಾಗಿಲ್ಲ. ಸಂಜೆ ಒಲೆಗೆ ಕಡ್ಡಿ ಆರಿಸುವ ನೆಪದಲ್ಲಿ ಹೋಗಿ ಗೂಟ ಕಿತ್ತು ತಿರುಗಿಸಿ ನೆಟ್ಟುಬಂದೆ.

ಆರು ಹೆಂಗಸರು, ಎರಡು ಕುರಿ, ಮೂರು ಮೂಟೆ ಹಿಟ್ಟು. ಇಪ್ಪತ್ತೆಂಟು ಬ್ರೆಡ್ ಆಯಿತು. ಮೊಣಕೈವರೆಗೆ ಹಿಟ್ಟು. ಬೆನ್ನು ಸತ್ತಿದೆ. ಎಷ್ಟೋ ವರ್ಷದಿಂದ ಇಷ್ಟು ಖುಷಿಯಾಗಿರಲಿಲ್ಲ.

ಫೆಬ್ರವರಿ 12, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ನಿನ್ನೆ ಮನೆ ನಡೆಯುತ್ತಿತ್ತು.

ಬೆಳಗ್ಗೆ ಆರಕ್ಕೆಲ್ಲ ಸಾಮಾನು ಹೊರಗೆ. ಕಿಟಕಿಯ ಗಾಜು ಕಳಚಿ ಕಂಬಳಿಯಲ್ಲಿ ಸುತ್ತಿ ಇಟ್ಟೆವು. ಕೋಳಿಯ ಟ್ರಂಕಿನ ಪ್ರಶ್ನೆ ಬಂತು. ಗಾಡಿಯಲ್ಲಿ ಹಾಕಿದರೆ ಕುಲುಕುತ್ತದೆ, ಮೊಟ್ಟೆ ಕೆಡುತ್ತದೆ. ಮನೆ ಮೆಲ್ಲಗೆ ನಡೆಯುತ್ತದೆ, ಒಳಗೇ ಇರಲಿ ಅಂದ ನೊಲ್ಬೆರ್ತೊ. ಅಟ್ಟದ ಕಂಬಕ್ಕೆ ಕಟ್ಟಿದ. ಒಳಗೆ ಕೋಳಿ ಬಿಟ್ಟು ಯಾರೂ ಇರಬಾರದು ಅಂತ ಎಲ್ಲರಿಗೂ ಹೇಳಿದ.

ಎಂಟಕ್ಕೆ ಎತ್ತುಗಳು. ನನ್ನವು ಏಳು, ಅವನವು ಒಂಬತ್ತು, ಅಬ್ದೋನ್‌ನದು ಒಂದು. ಹದಿನೇಳು ಜೋಡಿ ಮರಳಿನ ಮೇಲೆ ಸಾಲಾಗಿ ನಿಂತವು. ಇಷ್ಟು ಎತ್ತು ಒಟ್ಟಿಗೆ ನಾನು ಕಂಡಿಲ್ಲ. ಬೇರೆ ಬೇರೆ ಬೇಡಿದ್ದಕ್ಕೇ ಇಷ್ಟು ಸಿಕ್ಕವು. ಜೊತೆಗೆ ಹೋಗಿದ್ದರೆ ಅರ್ಧ ದಾರಿಯಲ್ಲೇ ಜಗಳವಾಡಿ ವಾಪಸ್ ಬರುತ್ತಿದ್ದೆವು.

ಹಗ್ಗ ಬಿಗಿಯಿತು. ಮನೆ ಒಂದು ಸಲ ನರಳಿತು. ತಾತ ಕಟ್ಟಿದ ಮನೆ, ಎಪ್ಪತ್ತು ವರ್ಷ ಒಂದೇ ಕಡೆ ಕೂತಿದ್ದು, ಮೆಲ್ಲಗೆ ಮುಂದೆ ಸರಿಯಿತು. ನೊಲ್ಬೆರ್ತೊ ಟೋಪಿ ಕಣ್ಣಿನ ಮೇಲೆ ಎಳೆದುಕೊಂಡ. ಅವನ ಕೈ ಹಿಡಿದುಕೊಂಡೆ. ಊರೆಲ್ಲ ನೋಡಿತು, ನೋಡಲಿ.

ಮರಳು ದಾಟಿತು, ಹೊಳೆಯ ಬಾಯಿ ದಾಟಿತು. ಅವನ ಎರಡು ಸೇತುವೆ ಕಂಬಗಳ ಮಧ್ಯೆಯೇ ಹಾದುಹೋಯಿತು. ನೀರುಕಾಗೆಗಳು ಎದ್ದು ಹೋದವು. ದಿಬ್ಬದ ಬುಡದಲ್ಲಿ ಯಾರೋ ಕೇಳಿದರು, "ಮನೆಯೊಳಗೆ ಕೈ ಬೀಸ್ತಿರೋದು ಯಾರು?"

ಅಟ್ಟದ ಕಿಟಕಿಯಲ್ಲಿ ಆರಿಯೆಲ್.

"ಅವನು ನಿನ್ನ ಹತ್ರ ಇರ್ಲಿಲ್ವಾ?" ಅಂದ ನೊಲ್ಬೆರ್ತೊ.

"ನಿನ್ನ ಹತ್ರ ಇರ್ಲಿಲ್ವಾ?"

"ನಾನು ಮನೆ ಎಳೀತಿದ್ದೆ."

"ನಾನು ನಲವತ್ತು ಜನಕ್ಕೆ ಬ್ರೆಡ್ ಹೊರ್ತಿದ್ದೆ. ಒಂದು ಹುಡುಗನ್ನ ನೋಡ್ಕೊಳ್ಳೋಕಾಗಲ್ವಾ ನಿನಗೆ?"

"ಒಂದಾ? ಮೂರಿದಾವೆ."

"ಹಾಗಾದ್ರೆ ಮೂರನ್ನೂ ನೋಡ್ಕೊ."

ಹದಿನೇಳು ಜೋಡಿ ನಿಂತವು. ಊರಿನವರು ಬಾರುಕೋಲಿಗೆ ಒರಗಿಕೊಂಡು ಕೇಳಿದರು. ಒತಿಲಿಯಾ ಬುಟ್ಟಿ ಕೆಳಗಿಟ್ಟು ಕೂತೇಬಿಟ್ಟಳು. ಒಣ ಸೌದೆ, ಉಪ್ಪು, ಅವನಿಗೊಂದೇ ಚಾಕು, ನನ್ನ ಹನ್ನೆರಡು ಸಂದೇಶ, ಎಲ್ಲವೂ ಬಂತು. ಕೊನೆಗೆ ಅಬ್ದೋನ್ ಕೆಮ್ಮಿದ. "ಎತ್ತು ಬಿಚ್ಚಲಾ, ಕಟ್ಟಿರ್ಲಾ?"

ಆರಿಯೆಲ್ ಮೇಲಿನಿಂದ ಕೂಗಿದ: "ಜಗಳ ಆಡ್ಬೇಡಿ, ಕೋಳಿಗೆ ಭಯ ಆಗತ್ತೆ. ನಾನು ಅದನ್ನ ನೋಡ್ಕೊಳ್ತಿದೀನಿ."

ಅಬ್ದೋನ್ ಏಣಿ ಹಾಕಿ ಅವನನ್ನು ಇಳಿಸಲು ಹೋದ. ಆರಿಯೆಲ್ ಬರಲೊಲ್ಲೆ ಅಂದ. ಕೋಳಿಯನ್ನು ತಾನು ನೋಡಿಕೊಳ್ಳುತ್ತೇನೆ ಅಂತ ಯಾಸ್ನಾ ಆಣೆ ಮಾಡಿದ ಮೇಲೆ, ಒಳಗೆ ಹೋಗದೆ ಪಕ್ಕದಲ್ಲೇ ನಡೆಯುತ್ತೇನೆ ಅಂದ ಮೇಲೆ, ಬಂದ.

ಆಮೇಲೆ ದಿಬ್ಬ. ಅರ್ಧ ಹತ್ತಿತು. ನಿಂತಿತು. ಎಳೆದರೂ ಇಲ್ಲ, ಕೂಗಿದರೂ ಇಲ್ಲ. ಒಂದು ಹಗ್ಗ ಕಿತ್ತುಹೋಯಿತು, ಮನೆ ಗೇಣಷ್ಟು ಹಿಂದಕ್ಕೆ ಜಾರಿತು. ಯಾಸ್ನಾಳ ಕಡೆ ನೋಡಿದೆ. ಮುಖ ಬಿಳುಚಿಕೊಂಡು ನಿಂತಿದ್ದಳು, ಶಾಲೆಯ ಕಡೆ ನೋಡುತ್ತಾ. ಅವಳಿಗೆ ಎಲ್ಲ ಗೊತ್ತಿತ್ತು. ಒಂದು ತಿಂಗಳಿಂದ ನಮ್ಮ ಮಧ್ಯೆ ಓಡಾಡಿದ ಹುಡುಗಿ, ತನ್ನ ವಿಷಯ ಮಾತ್ರ ಒಂದು ಸಲವೂ ಕೇಳಿರಲಿಲ್ಲ.

ಅಬ್ದೋನ್ ತನ್ನ ಎತ್ತುಗಳ ಬೆನ್ನು ಸವರಿದ. "ಇವು ಕ್ಷಮಿಸಿದಾವೆ, ಸರಿ. ಆದ್ರೆ ಬೈದಿದ್ದು ಊರೆಲ್ಲರ ಮುಂದೆ. ಕ್ಷಮೆ ಕೇಳಿದ್ದು ಕೊಟ್ಟಿಗೇಲಿ."

ನೊಲ್ಬೆರ್ತೊ ಹಗ್ಗ ಕೆಳಗೆ ಹಾಕಿದ. ಆಮೇಲೆ ನಡೆದುಹೋಗಿ, ನಲವತ್ತು ಜನರ ಮುಂದೆ, ಟೋಪಿ ತೆಗೆದು ಎದೆಗಿಟ್ಟುಕೊಂಡ.

"ದೋನ್ ಕ್ಲಾವೆಲ್, ದೋನ್ ಲುಸೇರೊ. ಎಂಟು ವರ್ಷದ ಹಿಂದೆ ನಾನು ಕತ್ತೆ ಹಾಗೆ ಮಾತಾಡ್ದೆ. ಈ ದ್ವೀಪದಲ್ಲಿ ನಿಮ್ಮಂಥೋರಿಲ್ಲ. ನನ್ನ ಮಗಳು ಶಾಲೆಗೆ ಹೋಗ್ಬೇಕು. ಎಳೀರಪ್ಪ, ಕೈ ಮುಗೀತೀನಿ."

ಯಾರೂ ನಗಲಿಲ್ಲ. ಅಬ್ದೋನ್ ಕೋಲೆತ್ತಿದ. ಕ್ಲಾವೆಲ್ ಕತ್ತು ತಗ್ಗಿಸಿತು, ಲುಸೇರೊ ತಗ್ಗಿಸಿತು, ಹಿಂದಿನ ಹದಿನಾರು ಜೋಡಿಯೂ ತಗ್ಗಿಸಿದವು. ಮನೆ ಹತ್ತಿತು. ದಿಬ್ಬದ ನೆತ್ತಿಯವರೆಗೂ ನಿಲ್ಲದೆ ಹತ್ತಿತು. ನಾನು ಕೂಗಿದ ಕೂಗಿಗೆ ಇವತ್ತು ಗಂಟಲಿಲ್ಲ.

ಕುರಾಂತೊ ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಮಾಂಸ, ಚಿಪ್ಪುಮೀನು, ಆಲೂಗಡ್ಡೆ ಬೆಂದಿದ್ದವು. ಉಂಡೆವು, ಕುಣಿದೆವು. ಇಪ್ಪತ್ತೆಂಟು ಬ್ರೆಡ್ ಸಾಕಾಗಲಿಲ್ಲ, ಅದು ಹೆಮ್ಮೆಯ ವಿಷಯ.

ಫೆಬ್ರವರಿ 13, ಸೋಮವಾರ

ಇವತ್ತು ಗಾಜು ಕೂರಿಸಿದೆವು. ಆಗ ಗೊತ್ತಾಯಿತು.

ಶುಕ್ರವಾರ ಸಂಜೆ ನಾನು ಗೂಟ ತಿರುಗಿಸಿದ್ದೆ. ಶನಿವಾರ ನಸುಕಿಗೆ ಅವನು ಹೋಗಿ ನೋಡಿ, ಮತ್ತೆ ತಿರುಗಿಸಿದ್ದಾನೆ, ಆತುರದಲ್ಲಿ, ತಪ್ಪು ಕಡೆಗೆ. ಈಗ ಅಡುಗೆಮನೆಯ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಶಾಲೆ ಕಾಣುವುದಿಲ್ಲ. ಕಾಣುವುದು ಅಬ್ದೋನ್‌ನ ಹುಲ್ಲುಗಾವಲು. ನಟ್ಟನಡುವೆ ಕ್ಲಾವೆಲ್, ಲುಸೇರೊ, ನಮ್ಮನ್ನೇ ನೋಡುತ್ತಾ ಮೆಲುಕು ಹಾಕುತ್ತಿವೆ.

ಪಾತ್ರೆ ತೊಳೆಯುವ ಜಾಗ ಆ ಕಿಟಕಿಯ ಕೆಳಗೇ. ಇವತ್ತು ಅವನ ಸರದಿ. ಲುಸೇರೊ ಇನ್ನೂ ಗುರ್ ಅಂತ ನೋಡುತ್ತದೆ ಅಂದ.

ಫೆಬ್ರವರಿ 22, ಬುಧವಾರ

ಹನ್ನೊಂದರಲ್ಲಿ ಹತ್ತು. ಟ್ರಂಕಿನ ತುಂಬ ಕಿಚಿಪಿಚಿ. ಆರಿಯೆಲ್ ತಾನೇ ಮರಿ ಹಾಕಿಸಿದವನ ಹಾಗೆ ಊರೆಲ್ಲ ಹೇಳಿಬಂದ. ನನ್ನ ಟ್ರಂಕಿನ ಒಳಮುಚ್ಚಳದಲ್ಲಿ ಇನ್ನೂ 31 ಇದೆ, ಬಿಳಿ ಬಣ್ಣದಲ್ಲಿ. ಯಾಸ್ನಾ ಅದರ ಮುಂದೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ: ÷ 31 = 1, ಶೇಷ 0. ಲೆಕ್ಕ ಸರಿ.

ಮಾರ್ಚ್ 5, ಸೋಮವಾರ. ಬೆಳಗ್ಗೆ 8:20

ಶಾಲೆ ಶುರು. ಎಂಟಕ್ಕೆ ಗಂಟೆ, ಏಳು ಐವತ್ತೇಳಕ್ಕೆ ಯಾಸ್ನಾ, ಈ ವರ್ಷ ಒಂದನೇ ತರಗತಿಗೆ ಸೇರಿದ ಆರಿಯೆಲ್ ಇಬ್ಬರೂ ಹೊರಟರು. ಮೂರು ನಿಮಿಷ. ಸಮುದ್ರ ಏರಿದೆಯಾ ಇಳಿದಿದೆಯಾ ನೋಡಲಿಲ್ಲ, ನೋಡಬೇಕಾಗಿಲ್ಲ. ಹಿತ್ತಲ ಬಾಗಿಲಲ್ಲಿ ಇಬ್ಬರೂ ನಿಂತು ನೋಡಿದೆವು. ಗೇಟಿನ ಹತ್ತಿರ ಯಾಸ್ನಾ ತಿರುಗಿದಳು. ಕೈ ಬೀಸಲಿಲ್ಲ, ದೊಡ್ಡವಳಾಗಿದ್ದಾಳಲ್ಲ. ಸುಮ್ಮನೆ ಮನೆಯನ್ನು ನೋಡಿದಳು, ಇಡೀ ಮನೆಯನ್ನು, ಬುಡದಿಂದ ಹೊಗೆಗೂಡಿನವರೆಗೆ. ಆಮೇಲೆ ಒಳಗೆ ಓಡಿದಳು.

"ಟೀಚರ್‌ಗೆ ಹೇಳ್ಬೇಕು, ಇಪ್ಪತ್ತಮೂರು ದಿನ ಇನ್ನು ಅವರೇ ರಜಾ ಹಾಕ್ಬೇಕು ಅಂತ" ಅಂದ ನೊಲ್ಬೆರ್ತೊ. ಮುಖ ತಿರುಗಿಸಿಕೊಂಡು ಹೇಳಿದ. ಕಣ್ಣು ಒದ್ದೆ. ನನ್ನದೂ. ಗೆದ್ದೆವು. ಇವತ್ತು ಅಕ್ಷರ ನೆಟ್ಟಗಿವೆ.

ಸೌದೆ ಇವತ್ತೂ ಹಸಿ.

9:50

"ಎಲ್ಸೀರಾ, ನನ್ನ ಚಾಕು ಎಲ್ಲಿಟ್ಟೆ?"

ಈ ಸಲ ಮಿರ್ತಾ ಕಚ್ಚುತ್ತಿದ್ದ ಮರದ ಚಮಚ ಅವನ ಕೈಯಲ್ಲಿತ್ತು. ಹಾಗಾದರೆ ಚಾಕು... ಮೇಜಿನ ಮೇಲೇ ಇದೆ. ಸದ್ಯ.

ಓವನ್ನಿನಿಂದ ಮೊದಲ ಬ್ರೆಡ್ ತೆಗೆದೆ. ಕಿಟಕಿ ತೆರೆದಿಟ್ಟಿದ್ದೇನೆ, ಗಾಳಿ ಶಾಲೆಯ ಕಡೆಗೆ.

ಆರಿಯೆಲ್‌ನ ದನಿ. ಹಿತ್ತಲಲ್ಲಿ. ಶಾಲೆ ಬಿಡುವುದು ಮೂರಕ್ಕೆ. ಇಣುಕಿದೆ — ವಿರಾಮವಂತೆ, ಹತ್ತು ನಿಮಿಷ, ಬ್ರೆಡ್ ವಾಸನೆ ಕ್ಲಾಸಿನವರೆಗೂ ಬಂತಂತೆ. ಅವನ ಹಿಂದೆ ಸಾಲಾಗಿ ಇಡೀ ಒಂದನೇ ತರಗತಿ. ಸಾಲಿನ ಕೊನೆಗೆ ಟೀಚರ್ ಉಲ್ದಾ, ಅವರೂ ಒಂದು ತಟ್ಟೆ ಹಿಡಿದು... ನೊಲ್ಬೆರ್ತೊ, ಒಣ ಸೌದೆ, ಈಗಲೇ, ಈ ಕ್ಷಣ —